ಭಾನುವಾರದ ಐದು ನಿಮಿಷ ಮತ್ತು ಅಂಟಿಕೊಂಡ ಟ್ಯಾಪೆಟ್

ಮೂರು ಸಿಲಿಂಡರಿನ ಹಳೇ ಟ್ರ್ಯಾಕ್ಟರ್. ಸೆಕೆಂಡ್ ಹ್ಯಾಂಡಿನಲ್ಲಿ ತಂದು 14 ವರ್ಷ ಆಯಿತು. ಇದು ಅದರ ರಿವ್ಯೂ. ಕಂಪನಿ ಹೆಸರು ಬೇಡ, ಗಾಡಿ ಕೆಟ್ಟು ನಿಂತದ್ದರಲ್ಲಿ ಅರ್ಧ ತಪ್ಪು ನನ್ನದೇ. ಎಚ್‌ಪಿ, ಲಿಫ್ಟು, ಮೈಲೇಜಿನ ಲೆಕ್ಕ ಇಲ್ಲಿ ಬೇಡ. ತಿಪಟೂರು ಕಡೆ ನಮ್ಮ ನಾಲ್ಕು ಎಕರೆ ತೆಂಗಿನ ಸಾಲಿಗೆ, ಪಕ್ಕದ ರಾಗಿ ಹೊಲಕ್ಕೆ ಇಷ್ಟು ಸಾಕು. 13 ವರ್ಷ ಒಂದು ದಿನವೂ ನಡುದಾರಿಯಲ್ಲಿ ಕೈ ಕೊಟ್ಟಿರಲಿಲ್ಲ.

ಗೌರಿ ಹಬ್ಬದ ಹೊತ್ತಿಗೆ ನನ್ನ ಕಾಲು ಮುರಿಯಿತು. ಗಾಡಿ ಎಂಟು ತಿಂಗಳು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲೇ ನಿಂತಿತು. ಆದರೂ ನಾನು ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು, ಕುಂಟಿಕೊಂಡು ಹೋಗುತ್ತಿದ್ದೆ. ಸೈಲೆನ್ಸರ್ ಮೇಲೆ ಕವುಚಿದ ತೆಂಗಿನ ಚಿಪ್ಪು ತೆಗೆಯುವುದು, ಗೋಣಿಚೀಲದಲ್ಲಿ ಸೀಟು ಒರೆಸುವುದು, ಆಯಿಲ್ ಕಡ್ಡಿ ನೋಡುವುದು, ಆಮೇಲೆ ಸೆಲ್ಫು. ಎರಡು ಸಲ ಹೊಗೆ ಉಗುಳಿ ದುಡು ದುಡು ಅಂತ ಹಿಡಿದುಕೊಂಡರೆ ಕಿವಿಗೆ ಹಬ್ಬ. ಐದು ನಿಮಿಷ ಕೇಳಿ, ಆಫ್ ಮಾಡಿ, ಮತ್ತೆ ಚಿಪ್ಪು ಮುಚ್ಚುತ್ತಿದ್ದೆ. "ಅದಕ್ಕೂ ಒಂದು ಲೋಟ ಕಾಫಿ ತರ್ಲಾ?" ಅಂತ ಮನೆಯವಳು ಕೇಳುತ್ತಿದ್ದಳು.

ಭರಣಿ ಮಳೆ ಬಿತ್ತು. ಊರೆಲ್ಲ ಉಳುಮೆಗೆ ಇಳಿಯಿತು. ನಾನು ಸೆಲ್ಫ್ ಹೊಡೆದೆ. 'ಟಕ್'. ಇನ್ನೊಂದು ಸಲ ಹೊಡೆದರೆ ಟಕ್ ಟಕ್, ಜೊತೆಗೆ ಏರ್ ಕ್ಲೀನರಿನಿಂದ ಫುಸ್ ಅಂತ ಉಸಿರು. ಅಲ್ಲಿಗೆ ಕೈ ತೆಗೆದೆ. ಇಡೀ ಕಥೆಯಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು. ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಕಳಿಸುವ ಬಾಗಿಲೇ ವಾಲ್ವ್. ಕೆಳಗೆ ಕ್ಯಾಮ್ ತಿರುಗಿ ಟ್ಯಾಪೆಟ್ ಅನ್ನುವ ಕಬ್ಬಿಣದ ಗೂಟವನ್ನು ಎತ್ತುತ್ತದೆ, ಅದು ಪುಶ್ ರಾಡ್ ಅನ್ನುವ ಉದ್ದ ಕಡ್ಡಿಯನ್ನು ಮೇಲಕ್ಕೆ ದೂಡುತ್ತದೆ, ಕಡ್ಡಿ ದೂಡಿದ ರಾಕರ್ ಏತದ ಹಾಗೆ ಬಾಗಿ ವಾಲ್ವನ್ನು ಒತ್ತಿ ತೆರೆಯುತ್ತದೆ. ಮುಚ್ಚುವುದು ಸ್ಪ್ರಿಂಗ್. ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ವಾಲ್ವಿಗೂ ಅದಕ್ಕೂ ಜಾಗ ಬಹಳ ಕಡಿಮೆ. ವಾಲ್ವ್ ಮುಚ್ಚದಿದ್ದರೆ ಪಿಸ್ಟನ್ ಬಂದು ಗುದ್ದುತ್ತದೆ. ಹಟ ಮಾಡಿ ತಿರುಗಿಸಿದರೆ ವಾಲ್ವೋ ಪುಶ್ ರಾಡೋ ಬಾಗಿಹೋಗುತ್ತದೆ.

ಪೇಟೆಯ ಒಂದು ಗ್ಯಾರೇಜಿನವರು ಬಂದು, ಬಾನೆಟ್ ಕೂಡ ಎತ್ತದೆ, "ಇಂಜಿನ್ ಇಳಿಸಬೇಕು, 28 ಸಾವಿರ" ಅಂದರು. ಕೊಬ್ಬರಿ ದುಡ್ಡು ಇನ್ನೂ ಕೈಗೆ ಬಂದಿರಲಿಲ್ಲ. ನೋಡೋಣ ಅಂತ ಕಳಿಸಿ, ಇಂಜಿನ್ ತಲೆಯ ಮೇಲೆ ರಾಕರುಗಳನ್ನು ಮುಚ್ಚುವ ಟ್ಯಾಪೆಟ್ ಕವರನ್ನು ನಾನೇ ಬಿಚ್ಚಿದೆ.

ಕವರಿನ ಒಳಗಡೆ ಹಾಲು ಕಾಫಿ ಬಣ್ಣದ ಕೆನೆ ಮೆತ್ತಿಕೊಂಡಿತ್ತು. ಆಗ ಅರ್ಥವಾಯಿತು. ಡೀಸೆಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗಿಳಿದು ಆಯಿಲ್ ಸೇರುತ್ತದೆ. ಇಂಜಿನ್ ಅರ್ಧ ಗಂಟೆ ದುಡಿದು ಬಿಸಿಯಾದರೆ ಆ ನೀರು ಹಾರಿಹೋಗುತ್ತದೆ. ಐದು ನಿಮಿಷಕ್ಕೆ ಆಫ್ ಮಾಡಿದರೆ ಒಳಗೇ ತಣಿದು, ಆಯಿಲ್ ಜೊತೆ ಕಲೆತು, ತುಕ್ಕು, ಅಂಟು ಎಲ್ಲ ಶುರು. ಮಳೆ ನೀರು ಬೀಳದ ಹಾಗೆ ಮೇಲೆ ಚಿಪ್ಪು ಮುಚ್ಚಿ, ವಾರಕ್ಕೊಮ್ಮೆ ಒಳಗಿನಿಂದ ನಾನೇ ನೀರು ಹಾಕುತ್ತಿದ್ದೆ!

ಮೂರನೇ ಸಿಲಿಂಡರಿನ ಇನ್‌ಲೆಟ್ ವಾಲ್ವ್, ಅಂದರೆ ಗಾಳಿ ಒಳಗೆ ಬಿಡುವುದು, ತಗ್ಗಿಕೊಂಡೇ, ತೆರೆದೇ ನಿಂತಿತ್ತು. ವಾಲ್ವೇ ಗೈಡಿನಲ್ಲಿ, ಅಂದರೆ ಅದು ಜಾರುವ ಕೊಳವೆಯಲ್ಲಿ, ಸಿಕ್ಕಿಕೊಂಡಿದೆ ಅಂದುಕೊಂಡೆ. ಲಾಕ್ ನಟ್ ಸಡಿಲಿಸಿ ರಾಕರಿನ ಸ್ಕ್ರೂ ಹಿಂದಕ್ಕೆ ತಿರುಗಿಸಿದರೆ ವಾಲ್ವ್ ಚಂಗನೆ ಮೇಲೆದ್ದಿತು. ಅಂದರೆ ವಾಲ್ವೂ ಸರಿ, ಸ್ಪ್ರಿಂಗೂ ಸರಿ. ಕೆಳಗಡೆ ಟ್ಯಾಪೆಟ್ ಮೇಲಕ್ಕೆ ಹೋದದ್ದು ಇಳಿದಿಲ್ಲ. ವಾಲ್ವೇ ಸಿಕ್ಕಿಕೊಂಡಿದ್ದರೆ ಅದು ಹಾಗೇ ತಗ್ಗಿ ಕೂತಿರುತ್ತಿತ್ತು, ಪುಶ್ ರಾಡ್ ಲೊಡಲೊಡ ಅನ್ನುತ್ತಿತ್ತು. 28 ಸಾವಿರ ಕೇಳುವ ಮುಂಚೆ ಈ ಎರಡು ನಿಮಿಷದ ಪರೀಕ್ಷೆ ಮಾಡಬಹುದಿತ್ತು ಅಲ್ವಾ?

ಕಂಪನಿ ಮೇಲೆ ನನಗೆ ಸಿಟ್ಟಿರುವುದು ಇಲ್ಲೇ. ಕೆಲವು ಇಂಜಿನ್ನುಗಳಲ್ಲಿ ಟ್ಯಾಪೆಟ್ ಕಾಣುವ ಹಾಗೆ ಬ್ಲಾಕಿನ ಪಕ್ಕಕ್ಕೆ ಒಂದು ಮುಚ್ಚಳ ಇರುತ್ತದೆ. ನಮ್ಮದರಲ್ಲಿ ಇಲ್ಲ. ಮೇಲಾಗಿ ಟ್ಯಾಪೆಟ್ಟಿನ ಬುಡ ಅಣಬೆ ತರ ಅಗಲ, ಮೇಲಿನಿಂದ ಎಳೆದರೆ ಬರುವುದಿಲ್ಲ. ಕ್ಯಾಮ್‌ಶಾಫ್ಟ್ ಬಿಚ್ಚಿ ಕೆಳಗಿನಿಂದಲೇ ತೆಗೆಯಬೇಕು. ಐದರಲ್ಲಿ ಒಂದೂವರೆ ಸ್ಟಾರ್ ಇದಕ್ಕೇ ಕಟ್.

ತೆಗೆಯಲು ಆಗದಿದ್ದರೆ ಇದ್ದಲ್ಲೇ ಬಿಡಿಸಬೇಕು. ರಾಕರ್ ಶಾಫ್ಟ್ ಪೂರ್ತಿ ಬಿಚ್ಚಿದೆ. ಆಗ ವಾಲ್ವುಗಳೆಲ್ಲ ಮುಚ್ಚಿಕೊಳ್ಳುತ್ತವೆ, ಇಂಜಿನ್ ತಿರುಗಿಸಲು ಭಯವಿಲ್ಲ. ಪುಶ್ ರಾಡ್ ಎತ್ತಿ, ಆ ತೂತಿನಲ್ಲಿ ಡೀಸೆಲ್ಲಿಗೆ ಪವರ್ ಸ್ಟೀರಿಂಗ್ ಆಯಿಲ್ ಬೆರೆಸಿ ಸುರಿದೆ. ಒಂದು ರಾತ್ರಿ ನೆನೆಯಿತು. ಬೆಳಿಗ್ಗೆ ರಾಡ್ ವಾಪಸ್ ಕೂರಿಸಿ ಮರದ ಕೊಡತಿಯಿಂದ ತಟ್ಟಿದೆ. ಒನಕೆಯಲ್ಲಿ ಕುಟ್ಟಿದ ಹಾಗಲ್ಲ, ಮಗುವಿನ ಬೆನ್ನು ತಟ್ಟಿದ ಹಾಗೆ. ಪುಲ್ಲಿ ನಟ್ಟಿಗೆ ಸ್ಪ್ಯಾನರ್ ಹಾಕಿ ಇಂಜಿನ್ ಸ್ವಲ್ಪ ತಿರುಗಿಸಿದರೆ ಕ್ಯಾಮ್ ಟ್ಯಾಪೆಟ್ಟನ್ನು ಎತ್ತುತ್ತದೆ, ನಾನು ಮತ್ತೆ ತಟ್ಟಿ ಇಳಿಸುತ್ತೇನೆ. ಎರಡನೇ ದಿನ ಸಂಜೆ ಕೂದಲೆಳೆಯಷ್ಟು ಅಲ್ಲಾಡಿತು. ಮೂರನೇ ದಿನ ತಟ್ಟದೇ ತಾನಾಗೇ ಇಳಿಯಿತು. ಆ ಖುಷಿ ಹೇಗೆ ಹೇಳಲಿ! ರಾಡನ್ನು ಅಡುಗೆಮನೆಯ ಕಡಪಾ ಕಲ್ಲಿನ ಮೇಲೆ ಉರುಳಿಸಿ ನೋಡಿದೆ. ಬಾಗಿರಲಿಲ್ಲ. ಬೈಗುಳ ಮಾತ್ರ ಸಿಕ್ಕಿತು.

ಹಳೇ ಆಯಿಲ್ ಇಳಿಸಿ ಹೊಸದು ಹಾಕಿದೆ. ಕಿತ್ತುಬಂದ ಗಲೀಜು ಅದರಲ್ಲೂ ಸೇರುತ್ತದೆ ಅಂತ 20 ಗಂಟೆ ಓಡಿಸಿ ಅದನ್ನೂ ಇಳಿಸಿದೆ. ಟ್ಯಾಪೆಟ್ ಗ್ಯಾಪ್, ಅಂದರೆ ರಾಕರಿಗೂ ವಾಲ್ವಿಗೂ ನಡುವಿನ ಸಂದು, ತಣ್ಣಗಿದ್ದಾಗ 0.30 ಮಿ.ಮೀ. ಅಂತ ನಮ್ಮ ಗಾಡಿ ಪುಸ್ತಕದಲ್ಲಿದೆ, ಅಷ್ಟಕ್ಕೇ ಇಟ್ಟೆ. ಫಿಲ್ಟರ್, ಕವರ್ ಗ್ಯಾಸ್ಕೆಟ್ ಎಲ್ಲ ಸೇರಿ 5 ಸಾವಿರದಲ್ಲಿ ಮುಗಿಯಿತು.

ದಿನಾ ಬಾಡಿಗೆಗೆ ಉಳುವವರು ಇಂಥ ಗಾಡಿ ಕಣ್ಣು ಮುಚ್ಚಿ ತಗೊಳ್ಳಿ, ಅದಕ್ಕೆ ಏನೂ ಆಗುವುದಿಲ್ಲ. ನನ್ನ ತರ ತಿಂಗಳುಗಟ್ಟಲೆ ನಿಲ್ಲಿಸುವವರು ಒಂದು ಸಲ ಯೋಚಿಸಿ. ಈಗ ಭಾನುವಾರ ಸ್ಟಾರ್ಟ್ ಮಾಡಿದರೆ ಕಲ್ಟಿವೇಟರ್ ಇಳಿಸಿ ಅರ್ಧ ಗಂಟೆ ದುಡಿಸುತ್ತೇನೆ, ಇಲ್ಲದಿದ್ದರೆ ಮುಟ್ಟುವುದೇ ಇಲ್ಲ. ತಣ್ಣಗಿದ್ದಾಗ ಮೂರನೆಯದು ಈಗಲೂ ಟಿಕ್ ಟಿಕ್ ಅನ್ನುತ್ತದೆ. ಕೆರೆ ಏರಿ ದಾಟುವ ಹೊತ್ತಿಗೆ ಸದ್ದಿಲ್ಲ. ಆಯುಧಪೂಜೆಗೆ ತೊಳೆಯುವಾಗ ಇನ್ನೊಮ್ಮೆ ಕವರ್ ಬಿಚ್ಚಿ ನೋಡಬೇಕು.