ಚರ್ಚ್ ಸ್ಟ್ರೀಟಿನ ಕಾಫಿ ಹೌಸಿಗೆ ಯಾರ ಜೊತೆ ಹೋಗ್ತೀರಿ?

ಮೊದಲೇ ಹೇಳಿಬಿಡುತ್ತೇನೆ, ನಾನು ಧಾರವಾಡದವನು. ಚಹಾ ಕುಡಿದು ಬೆಳೆದವನು. 1996ರಲ್ಲಿ ಕೆಲಸಕ್ಕೆಂದು ಬೆಂಗಳೂರಿಗೆ ಬಂದಾಗ ಕಾಫಿ ಅಂದರೆ ಬೀಗರು ಬಂದಾಗ ಮಾಡುವ ವಸ್ತು ಅಂದುಕೊಂಡಿದ್ದೆ. ಈಗ ದಿನಕ್ಕೆ ನಾಲ್ಕು ಬೇಕು. ಇದಕ್ಕೆ ಇಂಡಿಯನ್ ಕಾಫಿ ಹೌಸ್ ಅರ್ಧ ಕಾರಣ. ಇನ್ನರ್ಧ, ಅಲ್ಲಿ ನನ್ನ ಜೊತೆ ಕೂತವರು.

ಆಗ ಅದು ಎಂ.ಜಿ. ರಸ್ತೆಯಲ್ಲಿತ್ತು. ನಾವು ನಾಲ್ಕು ಜನ: ನಾನು, ಒಬ್ಬ ಪ್ರೂಫ್ ರೀಡರ್, ಒಬ್ಬರು ಯೂನಿಯನ್ ಲೀಡರ್, ಇನ್ನೊಬ್ಬ ಸದಾ ರಜೆ ಹಾಕುವ ಗುಮಾಸ್ತ. ಮೊದಲ ದಿನ ನಾನು ಚಿಟಿಕೆ ಹೊಡೆದು "ಏಯ್, ಬಾ ಇಲ್ಲಿ" ಅಂದೆ. ಬಂದವರು ಬಿಳಿ ಡ್ರೆಸ್ಸು, ತಲೆಗೆ ಪೇಟ, ಸೊಂಟಕ್ಕೆ ಅಗಲವಾದ ಪಟ್ಟಿ. ನಮ್ಮಪ್ಪನ ವಯಸ್ಸು. ಸುಮ್ನೆ ಆರ್ಡರ್ ತಗೊಂಡು ಹೋದರು.

ಲೀಡರು ದನಿ ಏರಿಸಲಿಲ್ಲ. "ಯಾರನ್ನ ಕರೆದಿರಿ ಗೊತ್ತೇನ್ರಿ? ಇದು ಅವರದೇ ಸಂಘದ ಹೋಟೆಲು" ಅಂದರು. ಆಮೇಲೆ ಕತೆ ಹೇಳಿದರು. ಕಾಫಿ ಹೌಸುಗಳು ಮೊದಲು ಸರ್ಕಾರದ ಕಾಫಿ ಬೋರ್ಡಿನವು. ಐವತ್ತರ ದಶಕದಲ್ಲಿ ಬೋರ್ಡು ಅವನ್ನು ಮುಚ್ಚಲು ಹೊರಟಿತು, ಕೆಲಸಗಾರರು ಬೀದಿಗೆ ಬಿದ್ದರು. ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಬೆನ್ನಿಗೆ ನಿಂತರು, ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ ಹುಟ್ಟಿದ್ದು ಬೆಂಗಳೂರಲ್ಲೇ, 1957ರ ಆಗಸ್ಟಿನಲ್ಲಿ. ಕತೆ ಮುಗಿಯುವಷ್ಟರಲ್ಲಿ ಕಾಫಿ ಬಂತು. ನಾನು ತಲೆ ಎತ್ತಲಿಲ್ಲ. ಆವತ್ತಿನಿಂದ ಯಾವ ಹೋಟೆಲಲ್ಲೂ ಚಿಟಿಕೆ ಹೊಡೆದಿಲ್ಲ.

ಪ್ರೂಫ್ ರೀಡರ್ ಕೊಟ್ಟಿದ್ದು ಬೇರೆ ಥರದ ಕಾಯಿಲೆ. ಬಿಲ್ಲು, ಬೋರ್ಡು, ಮದುವೆ ಕಾರ್ಡು, ಏನು ಸಿಕ್ಕರೂ ತಪ್ಪು ಹುಡುಕುತ್ತಿದ್ದ. ಈಗ ನಮ್ಮ ಏರಿಯಾದ ಫ್ಲೆಕ್ಸಿನಲ್ಲಿ "ಶುಭಾಷಯಗಳು" ಕಂಡರೆ ನನ್ನ ಕಾಲು ಅಲ್ಲೇ ನಿಲ್ಲುತ್ತದೆ. ನನ್ನ ಹೆಂಡತಿ ಕಾಯುವುದಿಲ್ಲ, ಮುಂದೆ ಹೋಗಿಬಿಡುತ್ತಾಳೆ. ಮನೆಯಲ್ಲಿ ಮೊಟ್ಟೆ ಒಡೆಯದ ನಾನು ಮೊದಲ ಸ್ಕ್ರಾಂಬಲ್ಡ್ ಎಗ್ ತಿಂದದ್ದು ಗುಮಾಸ್ತನ ತಟ್ಟೆಯಿಂದ.

"ಸಗಣಿಯವನ ಜೊತೆ ಸರಸಕ್ಕಿಂತ ಗಂಧದವನ ಜೊತೆ ಗುದ್ದಾಟ ಲೇಸು" ಅಂತ ನಮ್ಮಜ್ಜಿ ಹೇಳುತ್ತಿದ್ದಳು. ನಮ್ಮ ಟೇಬಲ್ಲಿನಲ್ಲಿ ಎರಡೂ ಇತ್ತು. ಯಾರು ಬಂದಿಲ್ಲವೋ ಅವರ ಬಗ್ಗೆಯೇ ಮಾತು, ಅದೂ ಹಲ್ಲು ಕಚ್ಚಿಕೊಂಡು ಅಲ್ಲ, ಹೊಟ್ಟೆ ತುಂಬ ನಗುತ್ತಾ. ಹಾಗಾಗಿ ಜ್ವರ ಬಂದರೂ ನಾನು ತಪ್ಪಿಸುತ್ತಿರಲಿಲ್ಲ. ಆ ಚಾಳಿ ಇನ್ನೂ ಪೂರ್ತಿ ಬಿಟ್ಟಿಲ್ಲ. ಯಾರದೋ ಸಹವಾಸದಿಂದ ಬಂತು ಅನ್ನೋಣವೆಂದರೆ, ಗುಮಾಸ್ತನ ಬಗ್ಗೆ ಅತಿ ಹೆಚ್ಚು ಜೋಕು ಹೊಡೆದವನು ನಾನೇ.

ವಿಮರ್ಶೆ ಅಂದ ಮೇಲೆ ಹೋಟೆಲಿನ ಬಗ್ಗೆಯೂ ಹೇಳಬೇಕಲ್ವಾ? 2009ರಲ್ಲಿ ಎಂ.ಜಿ. ರಸ್ತೆಯದು ಮುಚ್ಚಿ ಚರ್ಚ್ ಸ್ಟ್ರೀಟಿನ ಬ್ರಿಗೇಡ್ ಗಾರ್ಡನ್ಸ್ ಕಟ್ಟಡಕ್ಕೆ ಬಂತು. ಎಂ.ಜಿ. ರಸ್ತೆ ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು. ಸ್ಕ್ರಾಂಬಲ್ಡ್ ಎಗ್ ಮತ್ತು ಟೋಸ್ಟ್ ತಗೊಳ್ಳಿ. ಮಾಂಸ ತಿನ್ನುವವರು ಮಟನ್ ಕಟ್ಲೆಟ್ ಬಿಡಬೇಡಿ. ದೋಸೆಗೆಂದೇ ಹೋಗುವವರು ಗಾಂಧಿ ಬಜಾರಿಗೆ ಹೋಗಿ, ಇದು ಕಾಫಿ ಮುಂದಿಟ್ಟುಕೊಂಡು ಮಾತಾಡುವ ಜಾಗ. ಕಾಫಿ ಬರುವುದು ಲೋಟದಲ್ಲಲ್ಲ, ಕಪ್ಪು-ಸಾಸರಿನಲ್ಲಿ. ಒಬ್ಬನೇ ಹೋದರೆ ನಾನು ಹತ್ತು ನಿಮಿಷಕ್ಕೆ ಎದ್ದುಬಿಡುತ್ತೇನೆ.

ಹೋದ ತಿಂಗಳು ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಐಟಿ ಹುಡುಗ. ಕೂತ ತಕ್ಷಣ ಗಾಳಿಯಲ್ಲಿ ಕೈ ಬೀಸಿ "ಬಾಸ್!" ಅಂದ. ನಾನು ಲೀಡರ್ ಥರಾನೇ ದನಿ ಇಳಿಸಿ 1957ರ ಕತೆ ಶುರು ಮಾಡಿದೆ. ಕಣ್ಣು ಮೊಬೈಲಿನಲ್ಲಿತ್ತು, ಕೇಳಿಸಿಕೊಂಡನೋ ಇಲ್ಲವೋ. ಪೇಟದವರು ಹತ್ತಿರ ಬಂದಾಗ ಮೊಬೈಲನ್ನು ಬೋರಲು ಹಾಕಿ, "ಅಣ್ಣಾ, ಎರಡು ಕಾಫಿ ಕೊಡ್ತೀರಾ?" ಅಂದ. ನನಗೆ ಖುಷಿಯಾಯಿತು.

ಆಮೇಲೆ ಅವರು ಆ ಕಡೆ ತಿರುಗುವಷ್ಟರಲ್ಲಿ, "ಒಂದಕ್ಕೆ ಸಕ್ಕರೆ ಜಾಸ್ತಿ" ಅಂದ. ಅದು ಮಾತ್ರ ಯಾರ ಸಹವಾಸವೋ ಗೊತ್ತಿಲ್ಲ.