ಆರ್‌ಪಿಎಂ ಅಳೆಯೋಕೆ ಬ್ಲೂ ಪಿಲ್: ಬಹುಕಾಲ ಬಳಸಿದ ಮೇಲೆ

ನಮ್ಮ ಮೋಟಾರ್ ರಿವೈಂಡಿಂಗ್ ಶಾಪ್‌ನ ಟೆಸ್ಟ್ ಬೆಂಚಿನ ಮೇಲೆ ಎಸ್‌ಟಿಎಂ32ಎಫ್103 ಚಿಪ್ಪಿನ ಬ್ಲೂ ಪಿಲ್ ಅನ್ನೋ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡೊಂದು ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಮೀಟರ್ ಆಗಿ ದುಡೀತಿದೆ. ಶಾಫ್ಟಿಗೆ ಅಂಟಿಸಿದ ಮ್ಯಾಗ್ನೆಟ್, ಎದುರಿಗೆ ಮ್ಯಾಗ್ನೆಟ್ ಹಾದಾಗಲೆಲ್ಲ ಒಂದು ಪಲ್ಸ್ ಕೊಡೋ ಎ3144 ಹಾಲ್ ಸೆನ್ಸರ್, ಒಂದು ಎಲ್‌ಸಿಡಿ, ಅಷ್ಟೇ ಸಾಮಾನು. ಈ ಕೆಲಸಕ್ಕೆ ಬೋರ್ಡ್ ಚೆನ್ನಾಗಿದೆ, ಕೊಳ್ಳುವಾಗ ಮಾತ್ರ ಹುಷಾರಾಗಿರಬೇಕು.

ಚೆನ್ನಾಗಿದೆ ಅನ್ನೋಕೆ ಕಾರಣ ಟೈಮರಿನ ಇನ್‌ಪುಟ್ ಕ್ಯಾಪ್ಚರ್. ನಾಲ್ಕು ಪೋಲಿನ ಇಂಡಕ್ಷನ್ ಮೋಟಾರ್ ಲೋಡಿನಲ್ಲಿ 1440ರ ಆಸುಪಾಸು ತಿರುಗುತ್ತೆ, ಅಂದರೆ ಸೆಕೆಂಡಿಗೆ 24 ಪಲ್ಸ್. ಸೆಕೆಂಡಿನ ಪಲ್ಸ್ ಎಣಿಸಿ 60ರಿಂದ ಗುಣಿಸಿದರೆ, ಒಂದೇ ಒಂದು ಪಲ್ಸ್ ಆಚೀಚೆ ಆದರೂ 60 ಆರ್‌ಪಿಎಂ ವ್ಯತ್ಯಾಸ. ಸ್ಲಿಪ್ಪೇ (ತಿರುಗೋ ಕಾಂತಕ್ಷೇತ್ರಕ್ಕಿಂತ ಶಾಫ್ಟ್ ಹಿಂದೆ ಬೀಳೋದು) 60 ಇರೋ ಮೋಟಾರಿಗೆ ಅಂಥ ಮೀಟರ್ ಇದ್ದರೇನು, ಬಿಟ್ಟರೇನು? ಕ್ಯಾಪ್ಚರ್ ಅಳೆಯೋದು ಎರಡು ಪಲ್ಸುಗಳ ನಡುವಿನ ಕಾಲವನ್ನು. 72 ಮೆಗಾಹರ್ಟ್ಸ್ ಕ್ಲಾಕನ್ನು 72ರಿಂದ ಭಾಗಿಸಿದರೆ ಮೈಕ್ರೋಸೆಕೆಂಡಿಗೊಂದು ಎಣಿಕೆ, ಒಂದು ಸುತ್ತಿಗೆ ಸುಮಾರು 41,667. ಪಲ್ಸ್ ಬಿದ್ದ ಕ್ಷಣದ ಎಣಿಕೆಯನ್ನು ಹಾರ್ಡ್‌ವೇರೇ ರಿಜಿಸ್ಟರಿನಲ್ಲಿ ಹಿಡಿದಿಡುತ್ತೆ. ಪ್ರೊಸೆಸರ್ ಎಲ್‌ಸಿಡಿ ಜೊತೆ ಒದ್ದಾಡ್ತಿದ್ದರೂ ರೀಡಿಂಗ್ ಅಲುಗಲ್ಲ.

ತಲೆನೋವು ಇರೋದು 16 ಬಿಟ್ ಟೈಮರಿನಲ್ಲಿ. 65,536 ಮೈಕ್ರೋಸೆಕೆಂಡಿಗೆ ಅದು ಸೊನ್ನೆಗೆ ಬಂದುಬಿಡುತ್ತೆ. ಹಾಗಾಗಿ ಸುಮಾರು 915 ಆರ್‌ಪಿಎಂಗಿಂತ ನಿಧಾನವಾದರೆ ಹೀಗೆ ಸೊನ್ನೆಗೆ ಬರೋ ಓವರ್‌ಫ್ಲೋಗಳನ್ನೂ ಲೆಕ್ಕ ಇಡಬೇಕು. ಓವರ್‌ಫ್ಲೋ, ಕ್ಯಾಪ್ಚರ್ ಎರಡರ ಫ್ಲ್ಯಾಗೂ (ಆಯ್ತು ಅಂತ ಹೇಳೋ ಗುರುತು) ಒಟ್ಟಿಗೆ ಎದ್ದಾಗಲೇ ಪೇಚಾಟ. ಹಿಡಿದ ಎಣಿಕೆ ಚಿಕ್ಕದಿದ್ದರೆ ಓವರ್‌ಫ್ಲೋ ಮೊದಲಾಗಿದೆ, 65 ಸಾವಿರದ ಹತ್ತಿರ ಇದ್ದರೆ ಆಮೇಲೆ ಆಗಿದೆ. ಈ ಎರಡು ಸಾಲಿನ ಪರೀಕ್ಷೆ ಕೋಡಿನಲ್ಲಿ ಇಲ್ಲದಿದ್ದರೆ ಅಪರೂಪಕ್ಕೊಮ್ಮೆ ಹುಚ್ಚು ಸಂಖ್ಯೆ ಹಾರುತ್ತೆ. ಮೋಟಾರ್ ನಿಂತಾಗ ಪಲ್ಸೇ ಬರಲ್ಲ, ಕೊನೆಯ ವೇಗ ಹಾಗೇ ಪರದೆ ಮೇಲೆ ಕೂತಿರುತ್ತೆ. ಅದಕ್ಕೊಂದು ಟೈಮ್‌ಔಟ್ ಬೇಕೇ ಬೇಕು.

ಎರಡು ಮ್ಯಾಗ್ನೆಟ್ ಹಾಕೋ ಆಸೆ ಬೇಡ. ಎದುರುಬದುರು ಕೂರೋದರಲ್ಲಿ ಒಂದು ಡಿಗ್ರಿ ಓರೆಯಾದರೂ ಪರದೆ 1432, 1448 ಅಂತ ಜೋಕಾಲಿ ಆಡುತ್ತೆ.

ವಿಎಫ್‌ಡಿಗೆ (ಮೋಟಾರಿನ ವೇಗ ಬದಲಿಸೋ ಡ್ರೈವ್) ಹಾಕಿದ ಮೋಟಾರಾದರೆ ಟೈಮರಿನ ಒಳಗಿನ ಫಿಲ್ಟರ್ ಸಾಲಲ್ಲ. ಮಾಮೂಲಿ ಸೆಟ್ಟಿಂಗಿನಲ್ಲಿ ಅದು ಹೆಚ್ಚೆಂದರೆ ಮೂರೂವರೆ ಮೈಕ್ರೋಸೆಕೆಂಡಿನ ನಾಯ್ಸ್ ತಡೆಯುತ್ತೆ. ಪಿನ್ನಿನ ಹತ್ತಿರ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿ, ಶೀಲ್ಡೆಡ್ ವೈರ್ ಎಳೆದ ಮೇಲೆ ನಮ್ಮದು ಸರಿಹೋಯ್ತು. ಸೆನ್ಸರ್ ಓಪನ್ ಕಲೆಕ್ಟರ್, ಅಂದರೆ ಔಟ್‌ಪುಟ್ಟನ್ನು ಗ್ರೌಂಡಿಗೆ ಎಳೆಯುತ್ತೆ ಅಷ್ಟೇ, ಮೇಲೆತ್ತೋಕೆ ಪುಲ್‌ಅಪ್ ರೆಸಿಸ್ಟರ್ ಬೇಕು. 5 ವೋಲ್ಟ್ ಸಪ್ಲೈ ಕೊಟ್ಟರೂ ಪುಲ್‌ಅಪ್ 3.3ಕ್ಕೇ ಇರಲಿ. ನಾನಂತೂ 5 ವೋಲ್ಟ್ ತಡೆಯೋ ಪಿಬಿ6 ಪಿನ್ನನ್ನೇ ಬಳಸಿದ್ದೀನಿ.

ಇನ್ನು ಕೊಳ್ಳೋ ವಿಷಯ. ಒಬ್ಬ ಆನ್‌ಲೈನ್ ಮಾರಾಟಗಾರ ಒರಿಜಿನಲ್ ಅಂತ ಕಳಿಸಿದ್ದರಲ್ಲಿ ಕ್ಲೋನ್ ಚಿಪ್ ಇತ್ತು. ಕೋಡ್ ಹಾಕೋಕೆ ಹೋದರೆ ಟೂಲ್ ಅದರ ಐಡಿಯನ್ನೇ ಒಪ್ಪಲಿಲ್ಲ, ವಾಪಸ್ ತಗೊಳ್ಳೋಕೆ ಮಾರಾಟಗಾರ ಒಪ್ಪಲಿಲ್ಲ. ಆ ಬೋರ್ಡ್ ಈಗ ಬರೀ ಎಲ್‌ಇಡಿ ಮಿನುಗಿಸುತ್ತೆ.

ಹೊಸದಾಗಿ ಕೊಳ್ಳೋರು ಎಫ್401 ಚಿಪ್ ಇರೋ ಬ್ಲ್ಯಾಕ್ ಪಿಲ್ ನೋಡಿ. ಅದರ ಟಿಮ್2, ಟಿಮ್5 ಟೈಮರುಗಳೆರಡೂ 32 ಬಿಟ್, ಮೈಕ್ರೋಸೆಕೆಂಡ್ ಎಣಿಕೆಯಲ್ಲೂ ಓವರ್‌ಫ್ಲೋ ಆಗೋಕೆ 71 ನಿಮಿಷ ಬೇಕು. ನಮ್ಮ ಬೆಂಚಿನದು ಕೆಟ್ಟಾಗ ನಾನು ತರೋದೂ ಅದನ್ನೇ.