ಶ್ನೈಡರಾ, ಸಾಂ ಶಾಮೋನಾ? ಊಟದ ಮೇಜಿನ ಮೇಲೊಂದು ಪಂದ್ಯ

ಪ್ಲಾಸ್ಟಿಕ್ ಮಾದರಿ ಟ್ಯಾಂಕಿನ ಡಬ್ಬಿಯ ಮೇಲಿನ ಚಿತ್ರ ನೋಡಿ ಮನೆಯವರು "ಇದೇನು, ಮೊಸಳೆನಾ?" ಅಂದರು. ಸಾಂ ಶಾಮೋನ್ ಇರೋದೇ ಹಾಗೆ. ಗಾಡಿಗಿಂತ ಮೂತಿಯೇ ಮುಂದೆ.

ಶ್ನೈಡರ್, ಸಾಂ ಶಾಮೋನ್ ಎಂಬ ಮೊದಲ ಮಹಾಯುದ್ಧದ ಫ್ರಾನ್ಸಿನ ಈ ಎರಡೂ ಟ್ಯಾಂಕ್‌ಗಳನ್ನು 35ನೇ ಒಂದು ಅಳತೆಯಲ್ಲಿ ಜೋಡಿಸಿ ಅಕ್ಕಪಕ್ಕ ಇಟ್ಟು ನೋಡಿದೆ. ಫ್ರೆಂಚರು ಇವನ್ನು ಫಿರಂಗಿ ದಳದ ಲೆಕ್ಕಕ್ಕೇ ಸೇರಿಸಿದ್ದರು. ಇಂಥ ಗಾಡಿ ಬೇಕೇ ಬೇಕೆಂದು ಪಟ್ಟು ಹಿಡಿದ ಕರ್ನಲ್ ಎಸ್ಟಿಯೆನ್ ಕೂಡ ಫಿರಂಗಿ ದಳದವರೇ. ಕಾಲಾಳುಗಳ ಜೊತೆಗೇ 75 ಮಿ.ಮೀ. ಫಿರಂಗಿ ಮುಂದೆ ಸಾಗಬೇಕು, ಅಷ್ಟೇ ಅವರ ಆಸೆ. ಎರಡಕ್ಕೂ ಮೂಲ ಚಕ್ರದ ಬದಲು ಪಟ್ಟಿಗಳ ಮೇಲೆ ಓಡುವ ಅಮೆರಿಕದ ಹೋಲ್ಟ್ ಟ್ರ್ಯಾಕ್ಟರ್. ಎರಡೂ 400ರಂತೆ ತಯಾರಾದವು.

ಕಾಗದದ ಮೇಲೆ ನೋಡಿದರೆ ಪಂದ್ಯವೇ ಇಲ್ಲ. ಶ್ನೈಡರ್ ಸುಮಾರು 13 ಟನ್, ಒಳಗೆ 6 ಜನ. ಅದರ ಮೋಟು ಫಿರಂಗಿ ಮುಂದೆ ಬಲಮೂಲೆಯಲ್ಲಿದೆ, ಎಡಕ್ಕೆ ಗುರಿಯಿಡಬೇಕಾದರೆ ಇಡೀ ಗಾಡಿಯೇ ತಿರುಗಬೇಕು. ಸಾಂ ಶಾಮೋನ್ 23 ಟನ್, 8 ಜನ, 4 ಮೆಷಿನ್‌ಗನ್, ನೆಟ್ಟಗೆ ಮುಂದಕ್ಕೆ ಚಾಚಿದ ಉದ್ದನೆ ಫಿರಂಗಿ. ಪೆಟ್ರೋಲ್ ಎಂಜಿನ್ ಕರೆಂಟು ಹುಟ್ಟಿಸುತ್ತದೆ, ಆ ಕರೆಂಟಿನಿಂದ ಎರಡು ಪಟ್ಟಿಗಳಿಗೂ ಬೇರೆಬೇರೆ ಮೋಟಾರ್ ಓಡುತ್ತದೆ. ಆ ಕಾಲಕ್ಕೇ ಹೈಬ್ರಿಡ್, ಅಲ್ವಾ!

ಆಮೇಲೆ ಥರ್ಮಾಕೋಲ್ ಕೊರೆದು 5 ಸೆಂ.ಮೀ. ಅಗಲದ ಕಂದಕ ಮಾಡಿದೆ. ನಿಜದ ಅಳತೆಯಲ್ಲಿ ಒಂದು ಮುಕ್ಕಾಲು ಮೀಟರ್. ಆಚೆ ದಡ ಚೂರು ಎತ್ತರ. ಶ್ನೈಡರನ್ನು ಕೈಯಲ್ಲಿ ಮೆಲ್ಲಗೆ ತಳ್ಳಿದೆ. ಬಗ್ಗಿತು, ಮೂಗು ತಾಗಿತು, ಸ್ವಲ್ಪ ಪರದಾಡಿ ದಾಟಿತು. ಸಾಂ ಶಾಮೋನ್ ತಳ್ಳಿದೆ. ಪಟ್ಟಿ ದಡ ಮುಟ್ಟುವ ಮೊದಲೇ ಮೂತಿ ಹೋಗಿ ಥರ್ಮಾಕೋಲಿಗೆ ನಾಟಿಕೊಂಡಿತು. ಮೂರು ಸಲ ತಳ್ಳಿದರೂ ಅದೇ ಕಥೆ. ಪ್ಲಾಸ್ಟಿಕ್ಕಿಗೆ ತೂಕ ಇಲ್ಲ, ಎಂಜಿನ್ ಇಲ್ಲ, ಒಪ್ಪುತ್ತೇನೆ. ಆದರೆ 1917ರ ಮೇ 5ರಂದು ಲಫೋ ಎಂಬಲ್ಲಿ ಮೊದಲ ಸಲ ಕಾಳಗಕ್ಕಿಳಿದಾಗ ನಿಜವಾದ ಗಾಡಿಗಳಿಗೂ ಇದೇ ಪಾಡಾಯಿತು.

ಹಾಗಂತ ಶ್ನೈಡರ್ ಗೆದ್ದಿತು ಅನ್ನೋಕೂ ಮನಸ್ಸು ಬರಲ್ಲ. ಅದರ ಪೆಟ್ರೋಲ್ ಟ್ಯಾಂಕನ್ನು ಮುಂಭಾಗದಲ್ಲಿ ಅಂಟಿಸುವಾಗ ಕೈ ತಡೆಯಿತು. ಆ ವರ್ಷದ ಏಪ್ರಿಲ್ 16ರಂದು ಬೆರಿ-ಓ-ಬಾಕ್ ಹತ್ತಿರ 130ರ ಆಸುಪಾಸು ಶ್ನೈಡರ್‌ಗಳು ಹೊರಟಿದ್ದವು. ಅರ್ಧಕ್ಕಿಂತ ಜಾಸ್ತಿ ಹಾಳಾದವು. ಜರ್ಮನ್ ಫಿರಂಗಿ ಗುಂಡು ಬಿದ್ದರೆ ಪೆಟ್ರೋಲ್ ಹತ್ತಿಕೊಂಡು ಒಳಗಿದ್ದವರು ಅಲ್ಲೇ ಸುಟ್ಟುಹೋಗುತ್ತಿದ್ದರು. ಒಂದು ತಂಡದ ಮುಂದಾಳು ಮೇಜರ್ ಬೊಸ್ಸು ಅವತ್ತೇ ತೀರಿಕೊಂಡರು. ಪೆಟ್ರೋಲ್ ಟ್ಯಾಂಕನ್ನು ಗಾಡಿಯ ಹಿಂಭಾಗಕ್ಕೆ ಸರಿಸಿದ್ದು ಆಮೇಲೆ.

ಜೋಡಿಸೋ ಕೆಲಸದಲ್ಲಿ ಎರಡೂ ಸಮ. ರಿವೆಟ್ ಎಣಿಸುತ್ತಾ ಕೂತರೆ ಕಣ್ಣು ಉರಿಯುತ್ತೆ.

ಕೊನೆಗೆ ಥರ್ಮಾಕೋಲ್ ತೆಗೆದು ಬರೀ ಮೇಜಿನ ಮೇಲೆ ಇಟ್ಟು ನೋಡಿದೆ. ಸಮ ನೆಲದಲ್ಲಿ ಸಾಂ ಶಾಮೋನ್‌ನ ಕಳೆಯೇ ಬೇರೆ. 1918ರಲ್ಲಿ ಯುದ್ಧ ಕಂದಕ ಬಿಟ್ಟು ಬಯಲಿಗೆ ಬಂದಾಗ, ದೂರದಿಂದಲೇ ಜರ್ಮನ್ ಫಿರಂಗಿಗಳನ್ನು ಹೊಡೆಯಲು ಅದು ಚೆನ್ನಾಗಿಯೇ ಒದಗಿತು. ಕಂದಕ ದಾಟಬೇಕಾದರೆ ನನ್ನ ಓಟು ಶ್ನೈಡರ್‌ಗೆ. ಬಯಲಾದರೆ ಮೊಸಳೆಗೆ. ಒಳಗೆ ಕೂರು ಅಂದರೆ ಮಾತ್ರ ಎರಡಕ್ಕೂ ದೂರದಿಂದಲೇ ನಮಸ್ಕಾರ.